ಅಂದಪ್ಪನ ಚೀನಾ ಪೆಟ್ಟು

ನೀರಿಗೆ ಬಂಧು-ಬಳಗ ಗೊತ್ತಾಗುವುದಿಲ್ಲ. ಇಳಿಜಾರು ಗೊತ್ತಾಗುತ್ತದೆ, ಅಷ್ಟೆ. ಕೊಪ್ಪಳದ ಜವಳಿ ವ್ಯಾಪಾರಿ ಅಂದಪ್ಪನ ಬಚ್ಚಲ ನೀರು ಅವನ ಅಣ್ಣ ಕೊಟ್ರಪ್ಪನ ಹಿತ್ತಲಿಗೆ ಹರಿಯುತ್ತಿದ್ದದ್ದಕ್ಕೆ ಇದೊಂದೇ ಕಾರಣ. ಅಪ್ಪ ಕಟ್ಟಿಸಿದ ಮನೆಯ ನಡುವೆ ಮಣ್ಣಿನ ಗೋಡೆ ಎಬ್ಬಿಸಿ ಪಾಲಾದಾಗ ಅಣ್ಣತಮ್ಮಂದಿರು ಕಂಬ ಹಂಚಿಕೊಂಡರು, ಹಂಡೆ ಹಂಚಿಕೊಂಡರು, ದೇವರ ಜಗಲಿಯ ಹಿತ್ತಾಳೆ ಗಂಟೆಯನ್ನೂ ಆರಾರು ತಿಂಗಳಿಗೆ ಹಂಚಿಕೊಂಡರು. ಇಳಿಜಾರನ್ನು ಹಂಚಿಕೊಳ್ಳುವುದು ಮಾತ್ರ ಯಾರಿಗೂ ನೆನಪಾಗಲಿಲ್ಲ.

ಒಂದು ದಿನ ಬೆಳಿಗ್ಗೆ ಕೊಟ್ರಪ್ಪ ಬಚ್ಚಲ ಮೋರಿಯ ಬಾಯಿಗೆ ಒಂದು ಕಲ್ಲು ಬಡಿದ. ಅಂದಿನಿಂದ ಅಂದಪ್ಪನ ಮನೆಯಲ್ಲಿ ಯಾರು ಸ್ನಾನ ಮಾಡಿದರೂ ನೀರು ಹಿಂದಕ್ಕೆ ತಿರುಗಿ ಹಿಮ್ಮಡಿ ಮುಳುಗುವಷ್ಟು ನಿಲ್ಲುತ್ತಿತ್ತು. ಅಂದಪ್ಪನ ಹೆಂಡತಿ ಶಂಕ್ರಮ್ಮ ಅದನ್ನು ತಂಬಿಗೆಯಿಂದ ಮೊಗೆದು ಮೊಗೆದು ಓಣಿಗೆ ಚೆಲ್ಲಬೇಕು. ಹೀಗೆ ಹನ್ನೊಂದು ವರ್ಷ.

ಆ ಹನ್ನೊಂದು ವರ್ಷ ಅಣ್ಣ ತಮ್ಮ ಒಂದು ಮಾತೂ ಆಡಲಿಲ್ಲ. ಹೇಳಲೇಬೇಕಾದದ್ದಿದ್ದರೆ ಅಂದಪ್ಪ ತನ್ನ ಎಮ್ಮೆಗೆ ಹೇಳುತ್ತಿದ್ದ, ಕೊಟ್ರಪ್ಪ ತನ್ನ ಬಾಳೆಗಿಡಕ್ಕೆ ಹೇಳುತ್ತಿದ್ದ.

“ಎಮ್ಮೀ, ಕೆಲವರ ಎದಿ ಕಲ್ಲಿಗಿಂತ ಕಲ್ಲು ನೋಡವ್ವಾ,” ಎಂದು ಗೋಡೆಯ ಈ ಕಡೆಯಿಂದ.

“ಬಾಳಿಗಿಡಾ, ಹೊಲಸು ನೀರು ಕುಡೀ ಅಂದ್ರ ನೀನರ ಕುಡೀತೀಯೇನು?” ಎಂದು ಆ ಕಡೆಯಿಂದ.

(ಎಮ್ಮೆ, ಬಾಳೆ ಎರಡೂ ಗಂಭೀರ ಸ್ವಭಾವದವು. ಇಷ್ಟೆಲ್ಲ ಗುಟ್ಟು ಕೇಳಿಯೂ ಯಾರಿಗೂ ಚಾಡಿ ಹೇಳಲಿಲ್ಲ.)

ಬರೀ ನೀರಿನಿಂದ ಹನ್ನೊಂದು ವರ್ಷದ ಹಗೆ ಬೆಳೆಯುವುದಿಲ್ಲ. ಅಂದಪ್ಪನ ಸಿಟ್ಟಿನ ಬೇರು ಬೇರೆಯೇ ಇತ್ತು. ಅದು ಒಂದು ಕೋಳಿ. ಅಪ್ಪ ತೀರಿಕೊಂಡಾಗ ಅಂದಪ್ಪ ಆರು ವರ್ಷದ ಕೂಸು. ಹದಿನಾಲ್ಕು ವರ್ಷ ದೊಡ್ಡವನಾದ ಕೊಟ್ರಪ್ಪನೇ ಅವನಿಗೆ ಅನ್ನ ಹಾಕಿದ, ಅಂಗಡಿ ಹಾಕಿಕೊಟ್ಟ, ಮದುವೆ ಮಾಡಿದ. ಕೊಟ್ರಪ್ಪನ ಹೆಂಡತಿ ಮಕ್ಕಳಿಲ್ಲದೆ ಬೇಗ ತೀರಿಕೊಂಡಳು. ಆಮೇಲೆ ಅವನು ಮತ್ತೆ ಮದುವೆಯಾಗಲಿಲ್ಲ. ಇಷ್ಟೆಲ್ಲ ಮಾಡಿದವನು ಪ್ರತಿಯಾಗಿ ಇಟ್ಟುಕೊಂಡದ್ದು ಒಂದೇ ಹಕ್ಕು. ನಾಲ್ಕು ಜನ ಸೇರಿದಲ್ಲಿ ಕೋಳಿಯ ಕಥೆ ಹೇಳುವ ಹಕ್ಕು. ಅಂದಪ್ಪ ಹನ್ನೆರಡು ವರ್ಷದವನಿದ್ದಾಗ ಒಂದು ಮರಿಗಳ ತಾಯಿಕೋಳಿ ಅವನನ್ನು ಅಟ್ಟಿಸಿಕೊಂಡು ಬಂತು. ಅವನು ಓಡಿ ಹೋಗಿ ಬಂಡಿ ಹತ್ತಿ ಕುಳಿತ. ಕೋಳಿ ಬಂಡಿಯ ಕೆಳಗೇ ಕುಳಿತುಕೊಂಡಿತು. ಮಧ್ಯಾಹ್ನ ಊಟದ ಹೊತ್ತಿಗೆ ಅಣ್ಣ ಹುಡುಕಿಕೊಂಡು ಬಂದು ಇಳಿಸಬೇಕಾಯಿತು. ಇಷ್ಟೇ ಕಥೆ. ಆದರೆ ಕೊಟ್ರಪ್ಪ ಅದನ್ನು ಅಂದಪ್ಪನ ಮದುವೆಯಲ್ಲಿ ಹೇಳಿದ, ತೊಟ್ಟಿಲ ಕಾರ್ಯದಲ್ಲಿ ಹೇಳಿದ, ಮಾತು ಬಿಟ್ಟ ಮೇಲೂ ಸಂತೆಯಲ್ಲಿ ಸಿಕ್ಕ ನೆಂಟರಿಗೆ ಹೇಳಿದ. ಮೂವತ್ತೆಂಟರ ಅಂದಪ್ಪ ಮೀಸೆ ತಿರುವಿ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತರೂ ಓಣಿಯವರ ಕಣ್ಣಿಗೆ ಕಾಣುತ್ತಿದ್ದದ್ದು ಬಂಡಿ, ಅದರ ಕೆಳಗಿನ ಕೋಳಿ.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಒಂದು ವರ್ಷ ಮುಂಚೆ, ಮಳೆಗಾಲದಲ್ಲಿ, ಒಬ್ಬ ಚೀನಾದವನು ರೇಷ್ಮೆ ಬಟ್ಟೆಯ ಗಂಟು ಹೊತ್ತು ಗದಗಿನ ಕಡೆಯ ರೈಲಿನಲ್ಲಿ ಕೊಪ್ಪಳಕ್ಕೆ ಬಂದಿಳಿದ. ಆಗ ಅಂಥವರು ಊರೂರು ತಿರುಗುತ್ತಿದ್ದರು. ಇವನ ಹೆಸರು ಲಿನ್. ಓಣಿಯವರು ಎರಡೇ ದಿನದಲ್ಲಿ ಅದನ್ನು ಲಿಂಗಪ್ಪ ಮಾಡಿಕೊಂಡರು. ಮನೆಗೆ ಅಂಟಿಕೊಂಡೇ ಇದ್ದ ಅಂದಪ್ಪನ ಅಂಗಡಿಯ ಮುಂದೆ ಗಂಟು ಬಿಚ್ಚುತ್ತಿದ್ದಾಗಲೇ ಅವನಿಗೆ ಚಳಿಜ್ವರ ಬಂದು ಹಲ್ಲು ಕಟಕಟ ಎಂದವು. ಅಂದಪ್ಪ ಅವನನ್ನು ಅಂಗಡಿಯ ಹಿಂದಿನ ಕೋಣೆಯಲ್ಲಿ ಮಲಗಿಸಿದ. ಶಂಕ್ರಮ್ಮ ಎಂಟು ದಿನ ಗಂಜಿ, ಕಷಾಯ ಕೊಟ್ಟಳು.

ಒಂಬತ್ತನೆಯ ದಿನ ಲಿನ್ ಎದ್ದು ಕುಳಿತ. ಆ ಬೆಳಿಗ್ಗೆ ಅಂಗಡಿಯ ಹಿಂಬಾಗಿಲು ಮಳೆಗೆ ಉಬ್ಬಿ ಬಿಗಿದುಕೊಂಡಿತ್ತು. ಅಂದಪ್ಪ ಭುಜ ಕೊಟ್ಟು ತಳ್ಳಿದ, ಒದ್ದ, ಬೈದ. ಲಿನ್ ಅವನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಜ್ವರದಿಂದ ಬಡಕಲಾದ ಕೈಯನ್ನು ಬಾಗಿಲಿನಿಂದ ಒಂದು ಬೆರಳಷ್ಟು ದೂರ ಹಿಡಿದ. ಕೈ ಹಿಂದಕ್ಕೆಳೆಯಲಿಲ್ಲ, ಬೀಸಲಿಲ್ಲ. ಹಿಮ್ಮಡಿ ನೆಲವನ್ನು ಒತ್ತಿತು, ಸೊಂಟ ಸ್ವಲ್ಪ ತಿರುಗಿತು, ಬಾಯಿಂದ ಉಸಿರು ಹೊರಬಿತ್ತು, ಅಂಗೈಯ ಬುಡ ಬಾಗಿಲಿಗೆ ತಾಗಿತು. ಧಡ್! ಬಾಗಿಲು ತೆರೆದು ಹಿಂದಿನ ಗೋಡೆಗೆ ಬಡಿಯಿತು.

ಅಂದಪ್ಪ ಬಹಳ ಹೊತ್ತು ಬಾಗಿಲನ್ನು ನೋಡಿದ. ಆಮೇಲೆ ಮಣ್ಣಿನ ಗೋಡೆಯ ಆಚೆ ಕಾಣುವ ಬಾಳೆಎಲೆಗಳನ್ನು ನೋಡಿದ.

ಋಣ ತೀರಿಸಲು ಏನು ಬೇಕೆಂದು ಲಿನ್ ಕೇಳಿದಾಗ ಅಂದಪ್ಪ ರೇಷ್ಮೆ ಕೇಳಲಿಲ್ಲ. ಆ ಪೆಟ್ಟು ಕಲಿಸು ಎಂದ. ಲಿನ್ ಇನ್ನೂ ಆರು ದಿನ ಉಳಿದು ಕಲಿಸಿದ. ತನ್ನ ಹರಕುಮುರುಕು ಹಿಂದೂಸ್ತಾನಿಯಲ್ಲಿ ಪೆಟ್ಟಿನ ಹೆಸರನ್ನೂ ಹೇಳಿದ: “ಖಿಡಕೀ ಖೋಲೋ, ಚಾಂದ್ ದೇಖೋ.” ಕಿಟಕಿ ತೆರೆ, ಚಂದ್ರನನ್ನು ನೋಡು. ಹೊಡೆತಕ್ಕೂ ಚಂದ್ರನಿಗೂ ಏನು ಸಂಬಂಧ ಎಂದು ಅಂದಪ್ಪ ಕೇಳಿದ. ಲಿನ್ ಪದಗಳಿಗಾಗಿ ತಡಕಾಡುತ್ತ, ಕೈಸನ್ನೆ ಮಾಡುತ್ತ, ಅರ್ಥ ಬಿಡಿಸಿದ. ಕಿಟಕಿಯ ಮೇಲೆ ಸಿಟ್ಟಾದವನು ಕಿಟಕಿಯನ್ನೂ ಮುರಿಯುತ್ತಾನೆ, ಕೈಯನ್ನೂ ಮುರಿದುಕೊಳ್ಳುತ್ತಾನೆ. ಚಂದ್ರನನ್ನು ನೋಡಬೇಕು ಎನ್ನುವವನು ಕಿಟಕಿ ತೆರೆಯುತ್ತಾನೆ. ಕೈ ಕಿಟಕಿಯ ಮೇಲಿರಲಿ, ಕಣ್ಣು ಅದರ ಆಚೆಗಿರಲಿ. ಮುಚ್ಚಿದ್ದು ತೆರೆಯಬೇಕು, ಈ ಪೆಟ್ಟು ಇರುವುದು ಅಷ್ಟಕ್ಕೆ.

ಅಂದಪ್ಪ ಭಕ್ತಿಯಿಂದ ತಲೆಯಾಡಿಸಿದ. ಅವನ ಕಿವಿಯಲ್ಲಿ ಉಳಿದದ್ದು ಧಡ್ ಎಂಬ ಸಪ್ಪಳ ಮಾತ್ರ.

“ಯಾರಿಗೆ ಹೊಡೆಯಬೇಕು?” ಎಂದು ಲಿನ್ ಹೊರಡುವಾಗ ಕೇಳಿದ.

“ಯಾರಿಗೂ ಇಲ್ಲ, ಸುಮ್ಮನೆ,” ಎಂದ ಅಂದಪ್ಪ.

ಎಮ್ಮೆಯ ಜೊತೆಗಿನ ಸಂಭಾಷಣೆಯನ್ನು ಹದಿನಾಲ್ಕು ದಿನ ಕೇಳಿದ್ದ ಲಿನ್ ಎಮ್ಮೆಯ ಕಡೆ ಒಮ್ಮೆ ನೋಡಿದ. ಶಂಕ್ರಮ್ಮನಿಗೆ ಒಂದು ರೇಷ್ಮೆ ತುಂಡು ಕೊಟ್ಟು, ಗಂಟು ಹೊತ್ತು ಸ್ಟೇಷನ್ನಿನ ದಾರಿ ಹಿಡಿದ.

ಮಾರನೆಯ ದಿನದಿಂದ ಅಂದಪ್ಪನ ಸಾಧನೆ ಶುರುವಾಯಿತು. ನಡುಮನೆಯ ಜೋಳದ ಚೀಲವನ್ನು ಕಂಬಕ್ಕೆ ಒರಗಿಸಿ, ಬೆರಳಷ್ಟು ದೂರದಿಂದ, ದಿನಕ್ಕೆ ನೂರು ಪೆಟ್ಟು. ಶಂಕ್ರಮ್ಮ ಒಂದು ವಾರ ಸಹಿಸಿದಳು.

“ಅಲ್ರಿ, ಜ್ವಾಳ ಏನು ಮಾಡೇತಿ ನಿಮಗ?”

“ಇದು ಸಾಧನಾ.”

“ಸಾಧನಾ ಮಾಡವ್ರು ಗುಡ್ಡಕ್ಕ ಹೋಗ್ತಾರ. ಉಣ್ಣೂ ಜ್ವಾಳಕ್ಕ ಹೊಡಿಯಂಗಿಲ್ಲ.”

“ನಿನಗ ತಿಳಿಯಂಗಿಲ್ಲ ಬಿಡು. ಕಿಟಕಿ ತಗದು ಚಂದ್ರನ್ನ ನೋಡಾಕತ್ತೀನಿ.”

“ಹೊತ್ತು ಏರಿದ ಮ್ಯಾಲ? ಜ್ವಾಳದ ಚೀಲದಾಗ?”

ಅಂದಪ್ಪ ಚೀಲಕ್ಕೆ ಮತ್ತೊಂದು ಪೆಟ್ಟು ಕೊಟ್ಟ, ಮಹಾಸಾಧಕರು ವಾದಕ್ಕಿಳಿಯುವುದಿಲ್ಲ. ಎರಡನೆಯ ವಾರ ಮಣಿಕಟ್ಟು ಬಾತು ಬದನೆಕಾಯಿಯಾಯಿತು. ಶಂಕ್ರಮ್ಮ ಅರಿಷಿಣ-ಸುಣ್ಣ ಹಚ್ಚಿ ಬಟ್ಟೆ ಕಟ್ಟಿದಳು. ಒಂದು ತಿಂಗಳಾದ ಮೇಲೆ ಚೀಲದ ಹೊಲಿಗೆ ಬಿಚ್ಚಿತು. ಎರಡು ತಿಂಗಳಾದ ಮೇಲೆ, ಕುಪ್ಪಸದ ಖಣ ನೋಡಲು ಬಂದ ಇಮಾಮಬೀ ಎಂಬ ಹಳೆಯ ಗಿರಾಕಿಯ ಎದುರಿಗೆ ಅಂದಪ್ಪ ಮೈಮರೆತು ಕಪಾಟಿಗೆ ಒಂದು ಪೆಟ್ಟು ಕೊಟ್ಟ. ಗುಳೇದಗುಡ್ಡದ ಖಣಗಳೆಲ್ಲ ಒಮ್ಮೆಲೆ ಆಕೆಯ ತಲೆಯ ಮೇಲೆ ಇಳಿದವು. “ಯಾ ಅಲ್ಲಾ! ತೋರಸು ಅಂದೆ, ಸುರುವು ಅಂದೆನೇನೋ ಅಂದಪ್ಪಾ!” ಎಂದಳು ಆಕೆ. ಅಂದಪ್ಪನಿಗೆ ಒಳಗೊಳಗೇ ಸಂತೋಷವಾಯಿತು. ಕೈ ಪಳಗಿತ್ತು.

ಇನ್ನು ಎದೆಯೊಂದೇ ಬಾಕಿ. ಅಣ್ಣನ ಎದೆ. ಮೊದಲ ದಿನದಿಂದಲೇ ಒಟ್ಟು ಮೂರು ತಿಂಗಳು ಅಂದಪ್ಪ ಅದನ್ನು ಗೋಡೆಯ ಸಂದಿನಿಂದ ಅಭ್ಯಾಸ ಮಾಡಿದ. ಅಣ್ಣ ನೀರು ಸೇದುವಾಗ ಹೇಗೆ ಏರುತ್ತದೆ, ಕೆಮ್ಮುವಾಗ ಹೇಗೆ ಇಳಿಯುತ್ತದೆ, ನಗುವಾಗ ಹೇಗೆ ಕುಣಿಯುತ್ತದೆ, ಎಲ್ಲವನ್ನೂ ಕಂಠಪಾಠ ಮಾಡಿಕೊಂಡ. ಪ್ರೀತಿಯಿಂದ ಕೂಡ ಯಾರೂ ಯಾರನ್ನೂ ಅಷ್ಟು ಸೂಕ್ಷ್ಮವಾಗಿ ನೋಡಿರಲಿಕ್ಕಿಲ್ಲ.

ಅಷ್ಟರಲ್ಲಿ ಮಗಳು ಅನ್ನಮ್ಮನಿಗೆ ಸಂಬಂಧ ಕೂಡಿಬಂತು. ಇರಕಲ್ಲಗಡದ ಹೇಮಪ್ಪ ಎಂಬವರ ಮಗ. ಹೊಲ-ಮನೆ ಇದ್ದವರು, ಮಾತಿಗೆ ತೂಕವಿದ್ದವರು. ನಿಶ್ಚಯಕ್ಕೆ ದಿನ ಗೊತ್ತಾಯಿತು.

“ಭಾವಾರ್ನ ಕರೀಬೇಕ್ರಿ,” ಎಂದಳು ಶಂಕ್ರಮ್ಮ. “ಹಿರೇರಿಲ್ಲದ ಮನ್ಯಾಗ ಎಲಿ-ಅಡಿಕಿ ಯಾರು ಹಿಡೀಬೇಕು?”

“ನಿನ್ನೆ ಎಮ್ಮಿಗೆ ಹೇಳೀನಿ. ಅವ ಕೇಳಿಸ್ಕೊಂಡಾನ.”

“ಮಗಳ ಕಾರ್ಯಕ್ಕ ಎಮ್ಮಿ ಕೈಲೆ ಕರಸ್ತೀರೇನು?”

ಅವಳೇ ತಲೆಯ ಮೇಲೆ ಸೆರಗೆಳೆದುಕೊಂಡು ಹೋದಳು. ಭಾವನ ಎದುರು ನಿಂತು ಮಾತಾಡುವ ರೂಢಿ ಇಪ್ಪತ್ತು ವರ್ಷದಲ್ಲಿ ಅವಳಿಗಿರಲಿಲ್ಲ, ಬಾಗಿಲ ಮರೆಯಲ್ಲೇ ನಿಂತು, “ಅನ್ನವ್ವಂದು ನಿಶ್ಚೆ ಐತಿ. ಮನೀಗೆ ಹಿರೇರು ಬೇಕು,” ಎಂದಳು. ಒಳಗೆ ತಂಬಿಗೆ ಕೆಳಗಿಟ್ಟ ಸದ್ದಾಯಿತು. ಆಮೇಲೆ, “ಹುಡುಗಿ ನನಗೇನು ಹೊರಗಿನಾಕಿನವ್ವಾ? ಬರ್ತೀನಿ,” ಎಂಬ ಮಾತು ಬಂತು.

ಸುದ್ದಿ ಕೇಳಿ ಅಂದಪ್ಪ ತನ್ನ ಅಂಗೈಯನ್ನು ನೋಡಿಕೊಂಡ. “ಬರಲಿ. ಆದ್ರ ಬೀಗರ ಮುಂದ ಕೋಳಿ ಸುದ್ದಿ ತಗದ್ನೋ, ನನ್ನ ಕೈ ನನ್ನ ಮಾತು ಕೇಳಂಗಿಲ್ಲ. ಮೊದಲ ಹೇಳೀನಿ.”

ಶಂಕ್ರಮ್ಮ ಅವನ ಆ ಕೈಯನ್ನು ಹಿಡಿದುಕೊಂಡಳು. “ಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ. ಅವ್ರು ಭಾಳ ಸೂಕ್ಷ್ಮದ ಮಂದಿ. ಅಣ್ಣನ ಮ್ಯಾಲ ಕೈ ಎತ್ತೂ ಮನಿ ಅಂದ್ರ ಇನ್ನೊಮ್ಮೆ ಹೊಸ್ತಿಲಾ ತುಳಿಯಂಗಿಲ್ಲ. ಹುಡುಗಿ ಬಾಳೇವು ಏನಾಗ್ಬೇಕು? ಹೊಡಿಯಂಗಿಲ್ಲ ಅಂತ ಆಣಿ ಮಾಡ್ರಿ.”

“ಕೋಳಿ ಬರಲಿಲ್ಲಂದ್ರ ಹೊಡಿಯಂಗಿಲ್ಲ,” ಎಂದ ಅಂದಪ್ಪ. ಅದಕ್ಕಿಂತ ದೊಡ್ಡ ಆಣೆ ಅವನ ಬಾಯಿಂದ ಬರಲಿಲ್ಲ.

ನಿಶ್ಚಯದ ದಿನ ಕೊಟ್ರಪ್ಪ ತಲೆಗೆ ಹೊಸ ರುಮಾಲು ಸುತ್ತಿಕೊಂಡು, ಯಾರ ಮುಖವನ್ನೂ ನೋಡದೆ ಒಳಗೆ ಬಂದ. ಕೈಯಲ್ಲಿ ಒಂದು ಬಟ್ಟೆಯ ಗಂಟಿತ್ತು. ಬೀಗರ ಮುಂದೆ ಅದನ್ನು ಬಿಚ್ಚಿ, ತನ್ನ ತೀರಿಹೋದ ಹೆಂಡತಿಯ ಗುಂಡಿನ ಸರವನ್ನು ತೆಗೆದು ಅನ್ನಮ್ಮನ ಕೊರಳಿಗೆ ತಾನೇ ಹಾಕಿದ. ಶಂಕ್ರಮ್ಮ ಬಾಗಿಲ ಮರೆಯಲ್ಲಿ ಕಣ್ಣೊರಸಿಕೊಂಡಳು. ಅಂದಪ್ಪನ ಅಂಗೈ ಕೂಡ ಒಂದು ಗಳಿಗೆ ಸಡಿಲಾಯಿತು. ಬಹುಶಃ ಇವತ್ತು ಕೋಳಿ ಬರಲಿಕ್ಕಿಲ್ಲ ಎಂದುಕೊಂಡ.

ಹೋಳಿಗೆಯ ಊಟವಾಯಿತು. ಜಮಖಾನೆಯ ಮೇಲೆ ಹತ್ತು ಮಂದಿ ಗಂಡಸರು ಕುಳಿತರು. ನಡುವೆ ಹಿತ್ತಾಳೆ ತಟ್ಟೆ. ಅದರಲ್ಲಿ ಎಲೆ, ಅಡಿಕೆ, ಸಕ್ಕರೆ, ಒಣಕೊಬ್ಬರಿ, ಕುಂಕುಮದ ಬಟ್ಟಲು. ಕೊಟ್ರಪ್ಪನ ಪಕ್ಕದಲ್ಲೇ ಅಂದಪ್ಪ ಕೂಡಬೇಕಾಯಿತು. ಬೀಗರು ನಕ್ಕು ಮಾತಾಡುತ್ತಿದ್ದರು. ಹತ್ತು ಜನ, ಹೊಟ್ಟೆ ತುಂಬ ಊಟ, ಕೇಳುವ ಮುಖಗಳು. ಕೊಟ್ರಪ್ಪನಿಗೆ ತಡೆದುಕೊಳ್ಳಲಾಗಲಿಲ್ಲ. ಒಂದು ಕೊಬ್ಬರಿ ಹೋಳು ಬಾಯಿಗೆ ಹಾಕಿಕೊಂಡ.

“ಬೀಗರ, ನಮ್ಮ ತಮ್ಮ ಭಾಳ ಧೈರ್ಯಸ್ಥ ನೋಡ್ರಿ. ಹನ್ನೆರಡು ವರ್ಷದಾಂವ ಇದ್ದ. ಓಣ್ಯಾಗ ಒಂದು ಕೋಳಿ...”

ಬಾಗಿಲ ಮರೆಯಲ್ಲಿ ಶಂಕ್ರಮ್ಮ ಕಣ್ಣು ಮುಚ್ಚಿಕೊಂಡಳು. ಅಂದಪ್ಪನ ಬಲಗೈ ಮೊಣಕಾಲಿನ ಮೇಲಿಂದ ತಾನಾಗಿ ಎದ್ದಿತು.

“ಬಂಡಿ ಏರಿ ಕುಂತಾನ ಇವ. ಕೆಳಗ ಕೋಳಿ ಕುಂತೈತಿ, ಜಪ ಮಾಡೂ ಸ್ವಾಮ್ಗಳಂಗ! ನಾ ಹೋಗಿ ಕೇಳಿದೆ, ಯಾಕೋ ಅಂದ್ಯಾ ಅಂತ. ಅದಕ್ಕ ಇವ...”

ಅಲ್ಲಿಗೆ ಅವನಿಗೇ ನಗೆ ಉಕ್ಕಿತು. ಬಾಯಿ ತೆರೆಯಿತು, ಭುಜ ಕುಣಿದವು, ಕಣ್ಣಲ್ಲಿ ನೀರು ಬಂತು. ಬೀಗರೂ ನಕ್ಕರು. ಕೊಟ್ರಪ್ಪ ಸದ್ದೇ ಇಲ್ಲದೆ ನಗುವುದನ್ನು ಕಂಡು ಇನ್ನೂ ಜೋರಾಗಿ ನಕ್ಕರು. ಹೇಮಪ್ಪ ತೊಡೆ ತಟ್ಟಿಕೊಂಡರು.

ನಗದವನು ಅಂದಪ್ಪ ಒಬ್ಬನೇ. ಮೂರು ತಿಂಗಳಿಂದ ಓದಿದ ಎದೆ ಅದು. ನಗುವಾಗ ಅದು ಕುಣಿಯಬೇಕು. ಅದು ಕುಣಿಯುತ್ತಿರಲಿಲ್ಲ, ಏರುತ್ತಲೂ ಇರಲಿಲ್ಲ, ಇಳಿಯುತ್ತಲೂ ಇರಲಿಲ್ಲ. ಅಣ್ಣನ ಕೈ ಗಂಟಲಿಗೆ ಹೋಗಿತ್ತು.

ಎದೆಗೆಂದು ಎತ್ತಿದ ಕೈಯನ್ನು ಅಂದಪ್ಪ ಬೆನ್ನಿಗೆ ತಿರುಗಿಸಿ ಹೊಡೆದ. ಆದರೆ ಅಷ್ಟು ವರ್ಷದ ಸಿಟ್ಟು ಅಷ್ಟು ಬೇಗ ತಿರುಗಲಿಲ್ಲ. ಅದೂ ಕೈಯ ಜೊತೆಗೇ ಬಂತು. ಕೊಟ್ರಪ್ಪ ಮುಂದಕ್ಕೆ ಮುಗ್ಗರಿಸಿದ. ರುಮಾಲು ಹಾರಿ ಬಿತ್ತು. ಗಂಟಲು ಬಿಚ್ಚಲಿಲ್ಲ.

ನಗೆ ಕತ್ತರಿಸಿದಂತೆ ನಿಂತಿತು.

“ಅಯ್ಯಯ್ಯ! ಹಿರಿಯಣ್ಣಗ ಹೊಡದಿ?” ಎಂದು ಹೇಮಪ್ಪ ಎದ್ದು ನಿಂತರು. ಇಬ್ಬರು ಅಂದಪ್ಪನ ಎರಡೂ ರಟ್ಟೆ ಹಿಡಿದರು.

“ಬಿಡ್ರಿ! ಅವಗ ಉಸುರಿಲ್ಲ! ಕೊಬ್ಬರಿ ಸಿಕ್ಕೈತಿ, ಬಿಡ್ರೀ!”

ಯಾರು ನಂಬುತ್ತಾರೆ? ಹನ್ನೊಂದು ವರ್ಷ ಮಾತು ಬಿಟ್ಟ ಅಣ್ಣತಮ್ಮಂದಿರ ಸುದ್ದಿ ಇರಕಲ್ಲಗಡಕ್ಕೂ ಮುಟ್ಟಿತ್ತು. “ಚೀಲ ತಗೋರಿ, ನಡೀರಿ,” ಎಂದರು ಹೇಮಪ್ಪ ತಮ್ಮವರಿಗೆ. “ಇಂಥಾ ಮನಿ ಹೆಣ್ಣು ನಮಗ ಬ್ಯಾಡ.”

ಆಗ ಶಂಕ್ರಮ್ಮ ಬಾಗಿಲ ಮರೆ ಬಿಟ್ಟು ಬಂದಳು. ಗಂಡಸರ ನಡುವೆಯೇ ನುಗ್ಗಿ ಬಂದಳು. ತಲೆಯ ಸೆರಗು ಜಾರಿದ್ದು ಅವಳಿಗೆ ಗೊತ್ತಾಗಲಿಲ್ಲ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಭಾವನ ಮುಖವನ್ನು ನೇರ ನೋಡಿದಳು. ಅದು ನೇರಳೆಹಣ್ಣಿನ ಬಣ್ಣಕ್ಕೆ ತಿರುಗುತ್ತಿತ್ತು.

“ಬಿಡ್ರಿ ಅವರನ್ನ!” ಎಂದು ಅರಚಿ ಗಂಡನ ರಟ್ಟೆ ಹಿಡಿದವರನ್ನು ಪಕ್ಕಕ್ಕೆ ನೂಕಿದಳು. “ನೋಡ್ತಾ ನಿಂತೀರೇನು? ಹೊಡೀರಿ! ಹೊಡೀರಿ ಅಂತೀನಿ!”

ಅಂದಪ್ಪ ಅಣ್ಣನನ್ನು ಒಂದು ಕೈಯಿಂದ ತಬ್ಬಿ ಬಾಗಿಸಿದ. ಆ ಹೊತ್ತಿನಲ್ಲಿ ಅವನಿಗೆ ಕೋಳಿ ನೆನಪಿರಲಿಲ್ಲ, ಮೋರಿಯ ಕಲ್ಲು ನೆನಪಿರಲಿಲ್ಲ. ಇವನು ಉಸಿರಾಡಲಿ, ಶಿವನೇ, ಇವನೊಮ್ಮೆ ಉಸಿರಾಡಲಿ. ಮನಸ್ಸಿನಲ್ಲಿ ಅದೊಂದೇ ಇತ್ತು. ಹಿಮ್ಮಡಿ ನೆಲವನ್ನು ಒತ್ತಿತು, ಸೊಂಟ ತಿರುಗಿತು. ಬೆನ್ನ ಮೇಲೆ, ಎರಡು ಹೆಗಲೆಲುಬುಗಳ ನಡುವೆ ಅಂಗೈಯ ಬುಡ ತಾಗಿತು. ಸದ್ದು ಅಷ್ಟೇನೂ ದೊಡ್ಡದಿರಲಿಲ್ಲ.

ಕೊಬ್ಬರಿ ಹೋಳು ಹಾರಿ ಕುಂಕುಮದ ಬಟ್ಟಲಿಗೆ ಬಿತ್ತು. ಕೊಟ್ರಪ್ಪನ ಎದೆ ಕುಲುಮೆಯ ತಿದಿಯ ಹಾಗೆ ಭರ್ರೆಂದು ತುಂಬಿಕೊಂಡಿತು.

ಹೇಮಪ್ಪ ಬಾಗಿ ಬಟ್ಟಲಿನಿಂದ ಕೆಂಪಾದ ಹೋಳನ್ನು ಎತ್ತಿಕೊಂಡು, ತಿರುಗಿಸಿ ನೋಡಿ, ತಮ್ಮವರಿಗೂ ತೋರಿಸಿದರು. ಶಂಕ್ರಮ್ಮ ನೀರು ತಂದಳು. ಕೊಟ್ರಪ್ಪ ಕುಡಿದ, ಮೀಸೆ ಒರಸಿಕೊಂಡ, ಬಿದ್ದ ರುಮಾಲನ್ನು ತಲೆಗಿಟ್ಟುಕೊಂಡ. ಆಮೇಲೆ ತಮ್ಮನ ಕಡೆ ತಿರುಗಿ ಅವನ ಕೆನ್ನೆಗೆ ಚಟೀರ್ ಎಂದು ಒಂದು ಬಾರಿಸಿದ.

“ಎರಡನೇ ಪೆಟ್ಟು ತಿಳೀತು,” ಎಂದ, ಏದುಸಿರು ಬಿಡುತ್ತ. “ಅದಕ್ಕ ಉಸುರು ಬಂತು. ಮೊದಲ್ನೇದಕ್ಕ ಬರೇ ಬ್ಯಾನಿ ಬಂತು. ಅದ್ಯಾಕ ಹೊಡದಿ?”

ಅಂದಪ್ಪ ಕೆನ್ನೆ ಹಿಡಿದುಕೊಂಡು ತಲೆ ತಗ್ಗಿಸಿದ. “ಅದು ಸಿಟ್ಟಿಂದು, ಅಣ್ಣಾ.”

ಹನ್ನೊಂದು ವರ್ಷದಲ್ಲಿ ಅಣ್ಣನಿಗೆ ಅವನು ನೇರವಾಗಿ ಆಡಿದ ಮೊದಲ ಮಾತು ಅದು.

“ಎಷ್ಟು ದಿನದಿಂದ ಕಲತಿ?”

“ಮೂರು ತಿಂಗಳು.”

“ನನಗ ಅಂತ?”

“ಹೂಂ.”

ಕೊಟ್ರಪ್ಪ ತಮ್ಮನ ಹೆಗಲ ಮೇಲೆ ಕೈಯಿಟ್ಟು ಕುಳಿತ.

ಹೇಮಪ್ಪ ಮತ್ತೆ ಜಮಖಾನೆಯ ಮೇಲೆ ಕುಳಿತರು. “ಹತ್ತು ಮಂದಿ ಗಂಡಸರು ಕುಂತಿದ್ವಿ,” ಎಂದರು ನಿಧಾನವಾಗಿ. “ಮನಷ್ಯಾ ಸಾಯಾಕತ್ಯಾನ, ನಾವು ನಗಾಕತ್ತಿದ್ವಿ. ನಂಬಿ ಬಂದಾಕಿ ಆ ತಾಯಿ ಒಬ್ಬಾಕಿ. ಅಂಥಾಕಿ ಮಗಳು ನಮ್ಮ ಮನೀಗೆ ಬೇಕ್ರಿ. ಎಲಿ-ಅಡಿಕಿ ಹಿಡೀರಿ ಕೊಟ್ರಪ್ಪಾರ.”

ಶಂಕ್ರಮ್ಮನಿಗೆ ಆಗ ಸೆರಗು ನೆನಪಾಯಿತು.

ಅಲ್ಲಿಗೆ ಎಲ್ಲವೂ ಸುಖವಾಗಿ ಮುಗಿಯಬೇಕಾಗಿತ್ತು. ಕೊಟ್ರಪ್ಪ ಅದೇ ಸಂಜೆ ಮೋರಿಯ ಕಲ್ಲನ್ನು ಹಾರೆ ಹಾಕಿ ಕಿತ್ತ. (ನೀರು ಹರಿಯಲಿಲ್ಲ, ಅದು ಬೇರೆ ಮಾತು. ಹನ್ನೊಂದು ವರ್ಷದ ರಾಡಿ ಹೆಪ್ಪುಗಟ್ಟಿತ್ತು. ಅಂದಪ್ಪನೇ ಎರಡು ದಿನ ಅದರಲ್ಲಿಳಿದು ಬಳಿಯಬೇಕಾಯಿತು.) ಆದರೆ ಸಾವಿನ ಮುಖ ಕಂಡು ಬಂದ ಮನುಷ್ಯನಿಗೆ ಯೋಚನೆ ಹತ್ತುತ್ತದೆ. ಮೂರನೆಯ ದಿನ ಬೆಳಿಗ್ಗೆ ಕೊಟ್ರಪ್ಪ ಬಂದು ತಮ್ಮನ ನಡುಮನೆಯಲ್ಲಿ ಕುಳಿತ.

“ಅಂದಪ್ಪಾ, ನನಗ ಸಿಕ್ಕೊಂಡ್ರ ನೀ ಅದೀ. ನಿನಗ ಸಿಕ್ಕೊಂಡ್ರ ಯಾರು ಹೊಡೀಬೇಕು? ನೀನೂ ಕೊಬ್ಬರಿ ತಿನ್ನಾವನ. ನನಗೂ ಕಲಸು.”

ಅಣ್ಣನ ಕಣ್ಣಲ್ಲಿ ಕಪಟವಿರಲಿಲ್ಲ, ಬರೀ ಪ್ರೀತಿ ಇತ್ತು. ಅಂದಪ್ಪನ ಎದೆ ತುಂಬಿ ಬಂತು. ಹಿಮ್ಮಡಿ, ಸೊಂಟ, ಉಸಿರು, ಬೆರಳಷ್ಟು ದೂರ, ಎಲ್ಲವನ್ನೂ ತೋರಿಸಿಕೊಟ್ಟ. ಕಿಟಕಿ, ಚಂದ್ರ ಎಲ್ಲದರ ಅರ್ಥವನ್ನೂ ಹೇಳಿದ. ಈಗ ಅವನಿಗೆ ಅದು ತಿಳಿದಿತ್ತು. ಆಮೇಲೆ ಅಭ್ಯಾಸಕ್ಕೆಂದು ಜೋಳದ ಚೀಲ ಎಳೆಯಲು ಹೋದ.

ಶಂಕ್ರಮ್ಮ ಚೀಲಕ್ಕೆ ಅಡ್ಡ ನಿಂತಳು. “ಇದಕ್ಕಿನ್ನ ಕೈ ಹಚ್ಚೀರಿ ಅಂದ್ರ ಸುಮ್ಮನಿರಂಗಿಲ್ಲ. ಮದಿವಿ ಮನಿ ಐತಿ. ಭಾವಾರು ಕಲಿಯೂದು ಬೆನ್ನಿಗೆ ಹೊಡಿಯೂದನ್ನ. ಮನ್ಯಾಗ ಬೆನ್ನಿಲ್ಲೇನು?”

“ಆಕಿ ಅಂದದ್ದು ಖರೇನ ಐತಿ,” ಎಂದ ಕೊಟ್ರಪ್ಪ.

ಅಂದಪ್ಪ ಅಂಗಿ ಕಳಚಿ, ಕಂಬ ಹಿಡಿದು, ಬೆನ್ನು ಕೊಟ್ಟು ಕುಳಿತ. ಮೊದಲ ಪೆಟ್ಟಿಗೆ ಅವನ ಹಣೆ ಕಂಬಕ್ಕೆ ತಾಗಿತು.

ಹಿಂದೆ ಕೊಟ್ರಪ್ಪ ಯೋಚಿಸುತ್ತ ನಿಂತಿದ್ದ. ಪ್ರಾಮಾಣಿಕ ಮನುಷ್ಯ, ಕಲಿಯುವ ವಿದ್ಯೆಯಲ್ಲಿ ಮೋಸ ಮಾಡಿಕೊಳ್ಳುವವನಲ್ಲ.

“ತಡಿ ತಮ್ಮಾ, ಅಳ್ಳಾಡಬ್ಯಾಡ,” ಎಂದ. “ಇದು ಸಿಟ್ಟಿಂದಾತು ನೋಡು. ಸರಿಯಾಗಿ ಕೂಡು. ಇನ್ನೊಂದು.”